ಯಾವುದಕ್ಕೆ ವಂದನೆ

ಶಾಸಕ ನಿರಂಜನ್ ಅವರು ಬಜೆಟ್ ವಿಷಯ ತಿಳಿಸಲು ಹಟ್ಟಿಗೆ ಬರುತ್ತಾರೆ, ಕೊನೆಗೆ ವಂದನಾರ್ಪಣೆ ನೀನೇ ಮಾಡಬೇಕು ಎಂದು ಪಂಚಾಯ್ತಿಯವರು ಹೇಳಿಹೋದಾಗಿನಿಂದ ಜುಂಜೇಶನಿಗೆ ಊಟ ರುಚಿಸಿರಲಿಲ್ಲ. ಹೈವೇ ಪಕ್ಕದ ಐಮಂಗಲದಿಂದ ಒಳಗಿದ್ದ ಆ ಹಟ್ಟಿಯ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷ ಅವನು. ಕುರಿ ಮೇಯಿಸುವವನು. ಮಂದೆಯನ್ನು ಕೂಗಿ ಕರೆಯುವ ಗಂಟಲಿಗೆ ಮೈಕಿನ ಅಭ್ಯಾಸವಿರಲಿಲ್ಲ.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಶಾಸಕರು ಬಂದವರೇ ಹಾರ ಹಾಕಿಸಿಕೊಂಡು ಮೈಕು ಹಿಡಿದರು.

"ಈ ಸಲ ಬಜೆಟ್‌ನಾಗೆ ಶಿಕ್ಷಣಕ್ಕೆ ಹಿಂದೆಂದೂ ಕೊಡದಷ್ಟು ಕೊಟ್ಟೀವಿ. ಹೋಬಳಿಗೊಂದು ಮಾದರಿ ಶಾಲೆ! ಕಂಪ್ಯೂಟ್ರು, ಲ್ಯಾಬು, ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಾಂಪೌಂಡಿನಾಗೆ. ನಿಮ್ಮ ಶಾಲೇನೂ ಐಮಂಗಲದ ಮಾದರಿ ಶಾಲೆಗೆ ಜೋಡಿಸೀವಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಜುಂಜೇಶನೂ ತಟ್ಟಿದ. ತಟ್ಟುತ್ತಲೇ ಪಕ್ಕದಲ್ಲಿ ಕುಳಿತಿದ್ದ ಮಮತಾ ಟೀಚರ ಕಡೆ ಬಾಗಿ, "ಮೇಡಂ, ಜೋಡ್ಸೋದು ಅಂದ್ರೆ ಏನ್ರಿ?" ಎಂದು ಕೇಳಿದ.

ಆ ಶಾಲೆಗೆ ಇದ್ದ ಟೀಚರು ಆಕೆಯೊಬ್ಬರೇ. "ನನಗೂ ಗೊತ್ತಿಲ್ಲ ಜುಂಜೇಶಣ್ಣ. ಈಗಷ್ಟೇ ಕೇಳ್ತಾ ಇದೀನಿ," ಎಂದರು. ಅವರ ಕೈ ಚಪ್ಪಾಳೆಯ ನಡುವೆಯೇ ನಿಂತುಹೋಗಿತ್ತು.

ಅಷ್ಟರಲ್ಲಿ ಅವನ ಹೆಸರು ಕೂಗಿದರು. ಬಾಯಿಪಾಠ ಮಾಡಿಕೊಂಡಿದ್ದ ನಾಲ್ಕು ಮಾತು ಮೈಕಿನ ಮುಂದೆ ನಿಂತಕೂಡಲೇ ತಲೆಯಿಂದ ಹಾರಿಹೋದವು.

"ಎಲ್ರಿಗೂ ನಮಸ್ಕಾರ. ನಾನು ಶಾಸಕರಿಗೆ ವಂದನೆ ಹೇಳಾಕೆ ನಿಂತೀನಿ. ಆದ್ರೆ ಯಾವುದಕ್ಕೆ ಹೇಳ್ಬೇಕು ಅಂತ ನನಗೆ ತಿಳೀವಲ್ದು. ತಪ್ಪು ತಿಳ್ಕಬ್ಯಾಡ್ರಿ ಸಾರ್. ನಮ್ಮ ಶಾಲೆ ಇಲ್ಲೇ ಇರ್ತೈತಾ, ಅಲ್ಲಿಗೆ ಹೋಗ್ತೈತಾ?"

ಶಾಸಕರು ನಕ್ಕರು. "ಇರ್ತೈತಪ್ಪ. ಜೋಡಿಸೀವಿ ಅಷ್ಟೆ."

ಮುಂದಿನ ಸಾಲಿನಲ್ಲಿದ್ದ ಮುದುಕಿ ದೊಡ್ಡಕ್ಕ ಎದ್ದು ನಿಂತಳು. "ಎರಡು ಮಂದೆ ಜೋಡಿಸಿದ್ರೆ ಕುರಿ ಕೂಡೋ ಒಂದು ರೊಪ್ಪ ಖಾಲಿ ಆಗ್ತೈತಲ್ಲ ಸ್ವಾಮಿ. ನಮ್ಮದು ಖಾಲಿನಾ? ಸಣ್ಣ ಹುಡುಗ್ರು ಹೈವೇ ದಾಟಿ ಹೆಂಗೆ ಹೋಗ್ತಾವೆ?"

ಶಾಸಕರ ನಗು ನಿಂತಿತು. ಅವರು ಫೋನ್ ತೆಗೆದು ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿಗೆ ಕರೆಮಾಡಿ, ಎಲ್ಲರಿಗೂ ಕೇಳಲಿ ಎಂದು ಮೈಕಿನ ಹತ್ತಿರ ಹಿಡಿದರು.

"ಆಡಳಿತದ ಮಟ್ಟಿಗೆ ವಿಲೀನ ಸಾರ್, ಕಟ್ಟಡದ ಮಟ್ಟಿಗೆ ಅಲ್ಲ," ಎಂದಿತು ಫೋನು. "ಆದರೆ ಮಕ್ಕಳನ್ನ ಹಂತಹಂತವಾಗಿ..."

"ಮುಚ್ತೀರೋ ಇಲ್ವೋ, ಅದನ್ನ ಹೇಳ್ರಿ," ಎಂದರು ಶಾಸಕರು.

"ಮುಚ್ಚೋದು ಅಂತ ಎಲ್ಲೂ ಇಲ್ಲ ಸಾರ್. ಮುಂದುವರಿಸೋದು ಅಂತಾನೂ ಇಲ್ಲ. ಮಾರ್ಗಸೂಚಿ ಬರಬೇಕು."

ಶಾಮಿಯಾನದ ಕೆಳಗೆ ಗುಜುಗುಜು ಎದ್ದಿತು. ಹಿಂದೆ ನಿಂತಿದ್ದವರು ಮುಚ್ಚೋದಿಲ್ಲ ಎಂದಷ್ಟೇ ತಿಳಿದು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು, ಮುಂದಿದ್ದವರು ಅವರನ್ನು ಬೈದರು. ಶಾಸಕರು ವೇದಿಕೆಯಿಂದ ಇಳಿದು ಬಂದು ದೊಡ್ಡಕ್ಕನ ಪಕ್ಕದ ಕುರ್ಚಿಯಲ್ಲಿ ಕುಳಿತರು.

"ಅಜ್ಜಿ, ಬೆಳಿಗ್ಗೆಯಿಂದ ಇದು ನಾಲ್ಕನೇ ಊರು," ಎಂದರು ಮೆಲ್ಲಗೆ. "ಎಲ್ಲಾ ಕಡೆ ಇದೇ ಮಾತು ಹೇಳಿಬಂದೆ. ಒಂದೂರಾಗೆ ಪಟಾಕಿ ಹೊಡೆದ್ರು. ನನಗೂ ಇದು ಪೂರ್ತಿ ತಿಳಿದಿಲ್ಲ."

"ಮತ್ತೆ ಬಜೆಟ್ಟಿಗೆ ಒಪ್ಪಿಗೆ ಹೆಂಗೆ ಕೊಟ್ಟೆ?" ಎಂದಳು ದೊಡ್ಡಕ್ಕ.

"ಸಭೆನಾಗೆ ಎಲ್ರೂ ಹೂಂ ಅಂದ್ರು. ನಾನೂ ಅಂದೆ."

ಪಕ್ಕದಲ್ಲೇ ನಿಂತಿದ್ದ ಜುಂಜೇಶನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಾನೂ ಚಪ್ಪಾಳೆ ತಟ್ಟಿದವನೇ ಅಲ್ಲವೇ ಅನ್ನಿಸಿತು. ಕೇಳಿ ತಿಳಿಸುತ್ತೇನೆ ಎಂದು ಹೇಳಿ ಶಾಸಕರು ಹೊರಟರು. ಕೇಳಿದರು ಕೂಡ. ವಿಧಾನಸಭೆಯಲ್ಲಿ ಅವರು ಪ್ರಶ್ನೆ ಎತ್ತಿದ್ದನ್ನು ಹಟ್ಟಿಯವರು ಮೊಬೈಲಿನಲ್ಲಿ ನೋಡಿದರು. ವಿಷಯ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ದಿನ ಮಮತಾ ಟೀಚರು ಎಂದಿನಂತೆ ಬಂದು ಬೀಗ ತೆಗೆದರು. ಅದೇ ಹೊತ್ತಿಗೆ ಹಳದಿ ಬಸ್ಸೊಂದು ಧೂಳೆಬ್ಬಿಸುತ್ತ ಬಂದು ಅಂಗಳದ ಮುಂದೆ ನಿಂತಿತು. ಮಾದರಿ ಶಾಲೆಯದು. ಮಕ್ಕಳನ್ನು ಹತ್ತಿಸಿ ಎಂದ ಡ್ರೈವರ್. ಯಾರು ಹೇಳಿದ್ದು ಎಂದರೆ, "ಬಸ್ ತಗಂಡು ಹೋಗು ಅಂದ್ರು, ತಂದೀನಿ," ಎಂದ.

ಮಕ್ಕಳು ಬಸ್ಸಿಗೂ ಬಾಗಿಲಿಗೂ ನಡುವೆ ನಿಂತವು. ಟೀಚರು ಜುಂಜೇಶನ ಮುಖ ನೋಡಿದರು. ಅವನು ಶಾಸಕರಿಗೆ ಫೋನ್ ಮಾಡಿದ.

"ಬಸ್ ಬಂತಾ?" ಎಂದು ಅವರೇ ಬೆರಗಾದರು. "ನನಗೆ ಹೇಳೇ ಇಲ್ವಲ್ಲ. ನೀವೇನು ಮಾಡಾಣ ಅಂತೀರಿ?"

ಯಾರಾದರೂ ಏನಾದರೊಂದು ಹೇಳಲೇಬೇಕಿತ್ತು. ಜುಂಜೇಶ ಜೋರಾಗಿ ಕೂಗಿದ: "ನಾಕು, ಐದನೇ ಕ್ಲಾಸಿನೋರು ಬಸ್ ಹತ್ರಿ. ಸಣ್ಣೋರು ಮೇಡಂ ಹತ್ರ ಕುಂತ್ಕಳ್ರಿ." ಹೇಳಿದ ಮೇಲೆ ಮಗಳು ಕಾವ್ಯಶ್ರೀ ನಾಲ್ಕನೇ ಕ್ಲಾಸು ಎಂಬುದು ನೆನಪಾಯಿತು. ಅವಳಾಗಲೇ ಬಸ್ಸಿನ ಕಿಟಕಿಯಲ್ಲಿದ್ದಳು.

ಅವತ್ತೆಲ್ಲ ಮಂದೆಯ ಹಿಂದೆ ಅಲೆದರೂ ಅವನ ಮನಸ್ಸು ಹೈವೇ ಕಡೆಗೇ ಇತ್ತು. ಸಂಜೆ ಮಗಳು ಇಳಿದುಬಂದಳು.

"ಹೆಂಗೈತವ್ವ ಶಾಲೆ?"

"ಚೆನ್ನಾಗೈತಪ್ಪ. ಕಂಪ್ಯೂಟ್ರು ರೂಮಿಗೆ ಬೀಗ ಹಾಕಿದ್ರು. ನಾವು ಹೊಸಬ್ರು ವರಾಂಡದಾಗೆ ಕುಂತಿದ್ವಿ. ನೀವು ನಮ್ಮೋರಾ ಅಂತ ಅಲ್ಲಿ ಸಾರ್ ಕೇಳಿದ್ರು."

"ಏನಂದೆ?"

"ಗೊತ್ತಿಲ್ಲ ಸಾರ್ ಅಂದೆ. ಅವರು ಹಾಜರಿ ಪುಸ್ತಕ ಮುಚ್ಚಿ ಹೋದ್ರು."

ಜುಂಜೇಶ ಅವಳ ಬ್ಯಾಗು ಇಸಿದುಕೊಂಡ. ದಾರಿಯಲ್ಲಿ ಮಮತಾ ಟೀಚರು ಶಾಲೆಯ ಬೀಗ ಹಾಕುತ್ತಿದ್ದರು.

"ನಾಳೆಗೆ ಹೆಂಗೆ ಜುಂಜೇಶಣ್ಣ?" ಎಂದು ಕೇಳಿದರು.

"ನೀವು ಬರ್ರಿ ಮೇಡಂ," ಎಂದ ಅವನು. "ಬಸ್ಸೂ ಬರಲಿ. ನೋಡಾಣ."