ಡ್ರಮ್ಮಿನಲ್ಲಿ ತಿಳಿಯಾದ ನೀರು

ನಮ್ಮ ಯಜಮಾನರನ್ನು ಬೀದಿಯವರೆಲ್ಲ ಡ್ರಮ್ಮಣ್ಣ ಅಂತಲೇ ಕರೆಯುತ್ತಾರೆ. ಹಳೇ ಪ್ಲಾಸ್ಟಿಕ್ ಕವರ್ ತೊಳೆದು ಮಾರುವುದು ನಮ್ಮ ಕಸುಬು. ಬಾವಿ ನೀರು ಕುಡಿಯಲಿಕ್ಕಷ್ಟೇ ಸಾಲುತ್ತಿತ್ತು. ತೊಳೆಯಲು ಎಲ್ಲಿಂದ ತರೋಣ? ಮನೆ ಹಿಂದಿನ ಕಸದ ಗುಡ್ಡದ ಬುಡದಲ್ಲಿ ಕರೀ ನೀರು ಜಿನುಗುತ್ತದೆ. ಇವರು ಅದನ್ನೇ ಡ್ರಮ್ಮಿಗೆ ತುಂಬಿ, ದಿನಾ ಕೋಲಿನಿಂದ ತಿರುವಿ, ಹದಿನೈದು ದಿನ ಬಿಸಿಲಿಗೆ ಬಿಡುತ್ತಿದ್ದರು. ನಾತ ಹೋಗುತ್ತಿತ್ತು, ನೀರು ತಿಳಿಯಾಗುತ್ತಿತ್ತು. ನಾನೂ ಮೂಸಿ ನೋಡಿ ತಲೆಯಾಡಿಸಿದವಳೇ. ಎರಡು ವರ್ಷ ಅದರಲ್ಲೇ ತೊಳೆದೆವು. ತೊಳೆದು ಚೆಲ್ಲಿದ್ದೆಲ್ಲ ಬಾವಿಯ ಕಡೆಗೇ ಇಂಗಿತು. ಆ ಬಾವಿಯ ನೀರನ್ನೇ ನಮ್ಮ ಏಳು ತಿಂಗಳ ಬಸುರಿ ಮಗಳು ಕುಡಿಯುತ್ತಿದ್ದಳು.

ಹೋದ ತಿಂಗಳು ನಮ್ಮ ಬಾವಿಯ ನೀರು ಒಯ್ದಿದ್ದ ನೀರು ಪರೀಕ್ಷೆಯ ಮೇಡಂ ಮೊನ್ನೆ ವರದಿ ಹಿಡಿದು ಬಂದರು.

"ನಿಮ್ಮ ಬಾವೀಲಿ ಸೀಸ ಇದೆ, ಕೀಟನಾಶಕ ಇದೆ. ಇನ್ನು ಒಂದು ತೊಟ್ಟೂ ಕುಡೀಬೇಡಿ."

"ಅದು ಹೇಗೆ ಮೇಡಂ? ಹದಿನೈದು ದಿನ ಬಿಡ್ತೀನಿ. ನಾತಾನೇ ಇರಲ್ಲ!" ಇವರು ಜಗಳಕ್ಕೇ ನಿಂತರು.

"ಅಣ್ಣ, ಕಣ್ಣಿಗೆ ಕಾಣದ ಜೀವಿಗಳು ಕೊಳೆತ ಅನ್ನ, ಸೊಪ್ಪು ತಿಂದವು, ನಾತ ಹೋಯ್ತು. ನೀವು ತಿರುವಿ ಗಾಳಿ ಕೊಟ್ಟಿದ್ದಕ್ಕೆ ಇನ್ನೂ ಬೇಗ ತಿಂದವು. ಆದ್ರೆ ಗುಡ್ಡಕ್ಕೆ ಬಿದ್ದ ಬ್ಯಾಟರಿಯ ಸೀಸ ಯಾವ ಜೀವಿಗೂ ಅರಗಲ್ಲ. ಕೆಲವು ಔಷಧಿ, ಕೀಟನಾಶಕ ಒಡೆಯೋಕೆ ವರ್ಷಗಟ್ಟಲೆ ಬೇಕು. ಇನ್ನು ಕೆಲವು ಅರ್ಧ ಒಡೆದು ಬೇರೆ ವಿಷ ಆಗ್ತವೆ. ಇಂಥ ನೀರು ಶುದ್ಧ ಮಾಡೋ ದೊಡ್ಡ ಘಟಕದಲ್ಲಿ ಗಾಳಿ ಊದಿ, ರಾಸಾಯನಿಕ ಹಾಕಿ, ಇದ್ದಿಲಲ್ಲಿ ಸೋಸಬೇಕು. ಡ್ರಮ್ಮಿಂದ ಆಗೋ ಕೆಲಸ ಅಲ್ಲ."

"ಕಾಯಿಸಿ ಕುಡಿದ್ರೆ?" ಅಂದೆ ನಾನು.

"ಕುದಿಸಿದ್ರೂ ಸೀಸ ಹೋಗಲ್ಲ ಅಕ್ಕ."

ಇವರು ಸರಕ್ಕನೆ ಎದ್ದು ಡ್ರಮ್ ಉರುಳಿಸಲು ಹೋದರು. ಮೇಡಂ ಕೈ ಹಿಡಿದರು. "ಎಲ್ಲಿಗೆ ಸುರೀತೀರಿ?"

ಇವರು ಸುತ್ತ ನೋಡಿದರು. ಆ ಕಡೆ ಬಾವಿ, ಈ ಕಡೆ ರಸ್ತೆ, ಕೆಳಗೆ ಪಕ್ಕದವರ ಅಂಗಳ. ಡ್ರಮ್ ತಬ್ಬಿಕೊಂಡೇ ಕುಸಿದು ಕೂತರು. "ಸುರಿಯೋಕೆ ಜಾಗಾನೇ ಇಲ್ವಲ್ಲೇ," ಅಂದರು.

ಆಗಲೇ ಒಳಗಿಂದ ಮಗಳು ಕೂಗಿದಳು, "ಅಮ್ಮಾ, ಕುಡಿಯೋಕೆ ನೀರು ಕೊಡು." ನನ್ನ ಕೈ ಕೊಡದ ಮೇಲೇ ನಿಂತುಹೋಯಿತು.

ಈಗ ಡ್ರಮ್ಮಿಗೆ ಮುಚ್ಚಳ ಬಿಗಿದಿದ್ದೇವೆ, ಅದನ್ನು ಒಯ್ಯಲು ಘಟಕದ ಟ್ಯಾಂಕರ್ ಬರಬೇಕು. ಕುಡಿಯುವ ನೀರನ್ನು ದೂರದಿಂದ ಹೊರುತ್ತೇವೆ. ಸೀಸ ಸೇರಿದೆಯೋ ಎಂದು ಪರೀಕ್ಷೆಗೆ ಕೊಟ್ಟ ಮಗಳ ರಕ್ತದ ವರದಿ ಇನ್ನೂ ಬಂದಿಲ್ಲ. ನನಗೆ ನಿದ್ದೆಯೂ ಬರುವುದಿಲ್ಲ.

ನೀವಾದರೂ ಕೇಳಿ. ಮುಗಿದ ಬ್ಯಾಟರಿ, ಬಣ್ಣದ ಡಬ್ಬಿ, ಉಳಿದ ಮಾತ್ರೆ, ಕೀಟನಾಶಕದ ಬಾಟಲಿಗಳನ್ನು ಅಡುಗೆಮನೆ ಕಸದ ಜೊತೆ ಬೆರೆಸಬೇಡಿ, ಬೇರೆ ಚೀಲದಲ್ಲಿ ಕೊಡಿ. ಕಸದ ಗುಡ್ಡದ ಹತ್ತಿರ ಬಾವಿಯಿದ್ದರೆ ಮೂಗನ್ನು ನಂಬಬೇಡಿ, ಇವತ್ತೇ ನೀರನ್ನು ಪರೀಕ್ಷೆಗೆ ಕೊಡಿ. ನಿಮ್ಮ ಮನೆಯಲ್ಲೂ ಮಕ್ಕಳು ನೀರು ಕೇಳುತ್ತಾರೆ.