ಜುಲೈ ತಿಂಗಳ ಕಾಫಿ ಹೂವು

ಧನ್ಯಶ್ರೀ ಇನ್ನೂ ಲೇಖನ ಕಳಿಸಿಯೇ ಇರಲಿಲ್ಲ, ಒಪ್ಪಿಗೆ ಪತ್ರ ಬಂದುಬಿಟ್ಟಿತ್ತು.

ಹೆಚ್ಚಿಸಿ ಹೇಳ್ತಿಲ್ಲ. ಬೆಳಿಗ್ಗೆ ಒಂದು ಜರ್ನಲ್ಲಿಗೆ ಲೇಖನದ ಸಾರಾಂಶ ಅಂತ ಅರ್ಧ ಪುಟ ಮೇಲ್ ಮಾಡಿದ್ದಾಳೆ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಉತ್ತರ: "ಮಾನ್ಯ ಡಾಕ್ಟರ್ ಧನ್ಯಶ್ರೀ ಅವರೇ, ನಿಮ್ಮ ಅಮೂಲ್ಯ ಸಂಶೋಧನೆಯನ್ನು ನಮ್ಮ ತಜ್ಞರು ಕೂಲಂಕಷವಾಗಿ ಪರಿಶೀಲಿಸಿ ಮೆಚ್ಚಿದ್ದಾರೆ." ಜೊತೆಗೆ ಚಿನ್ನದ ಬಣ್ಣದ ಅಂಚಿನ ಸರ್ಟಿಫಿಕೇಟು. ಅವಳಿನ್ನೂ ಡಾಕ್ಟರೂ ಆಗಿಲ್ಲ, ತಜ್ಞರ ಕೈಗೆ ಲೇಖನವೂ ಹೋಗಿಲ್ಲ. ಆದರೆ ಅಷ್ಟರೊಳಗೆ ಡಿಪಾರ್ಟ್‌ಮೆಂಟಿನಲ್ಲಿ ಮೈಸೂರುಪಾಕು ಹಂಚಿ ಆಗಿತ್ತು. ಹಂಚಿದವರು ಅವಳ ಗೈಡು, ರೇಣುಕಪ್ರಸಾದ್ ಸಾರ್.

ನನ್ನ ಪಾಲಿನ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಅವಳು ಲೈಬ್ರರಿಗೆ ಬಂದಳು. ನಾನು ಕುಬ್ರಾ, ಚಿಕ್ಕಮಗಳೂರಿನ ಈ ಕಾಲೇಜಿನ ಲೈಬ್ರೇರಿಯನ್. ಧನ್ಯಾ ಇಲ್ಲೇ ಅತಿಥಿ ಉಪನ್ಯಾಸಕಿ, ಜೊತೆಗೆ ಪಿಎಚ್‌ಡಿ. ಮೂಡಿಗೆರೆ ಕಡೆಯ ಎಸ್ಟೇಟಿನ ಕೂಲಿಕಾರರ ಲೈನಿನಲ್ಲಿ ಬೆಳೆದವಳು. ಅವಳ ಅಮ್ಮ ದೇವೀರಮ್ಮ ಈಗಲೂ ಕಾಫಿ ಹಣ್ಣು ಕುಯ್ಯಲು ಹೋಗ್ತಾರೆ.

"ತಿನ್ನಿ ಕುಬ್ರಕ್ಕ," ಅಂದಳು. ಮುಖ ಮಾತ್ರ ಸಿಹಿ ಹಂಚುವವರ ಮುಖ ಅಲ್ಲ.

"ಯಾರ ಮದುವೆ ಮಾರಾಯ್ತಿ?"

"ನಂದೇ. ಗಂಡು ನನ್ನ ಮುಖಾನೂ ನೋಡಿಲ್ಲ, ತಾಳಿ ಕಟ್ಟಿಬಿಟ್ಟಿದ್ದಾನೆ."

ಮೇಲ್ ತೋರಿಸಿದಳು. ಶುಕ್ರವಾರದೊಳಗೆ ಪೂರ್ತಿ ಲೇಖನ, ಫೀಸು, ಹಕ್ಕನ್ನೆಲ್ಲ ಅವರಿಗೆ ಬಿಟ್ಟುಕೊಡುವ ಪತ್ರಕ್ಕೆ ಸಹಿ, ಮೂರೂ ತಲುಪಬೇಕಂತೆ. ತಲುಪಿದರೆ ಸೋಮವಾರವೇ ಪ್ರಕಟ.

ಆ ಲೇಖನದಲ್ಲಿ ಏನಿದೆ ಅಂತ ನನಗೆ ಗೊತ್ತು. ರೊಬಸ್ಟಾ ಕಾಫಿ ಕಾಯಿ ಕಟ್ಟಬೇಕಾದರೆ ಜೇನು ಬೇಕು. ಯಾವ ಜೇನು ಎಷ್ಟು ಬರ್ತದೆ, ಕಾಡುಮರದ ನೆರಳಿಗೆ ಹೆಚ್ಚೋ, ಸಿಲ್ವರ್ ಓಕ್ ನೆರಳಿಗೋ, ಇದನ್ನು ಅವಳು ಮೂರು ತೋಟಗಳಲ್ಲಿ ಎಣಿಸಿದ್ದಾಳೆ. ಹೇಳೋಕೆ ಸುಲಭ. ಕಾಫಿ ಹೂವು ನಾವು ಕರೆದಾಗ ಬರ್ತದಾ? ಬೇಸಿಗೆಯಲ್ಲಿ ಹೂಮಳೆ ಬೀಳಬೇಕು, ಬಿದ್ದು ವಾರ ಕಳೆದ ಮೇಲೆ ಗಿಡ ಬೆಳ್ಳಗಾಗಬೇಕು, ಆಮೇಲೆ ಎರಡು ಮೂರು ದಿನ ಅಷ್ಟೇ. ಆ ದಿನ ತಪ್ಪಿದರೆ ಮುಂದಿನ ವರ್ಷ. ಹೀಗೆ ಮೂರು ವರ್ಷ, ಮೋಡ ಕಂಡ ಕಡೆಗೆ ಬಸ್ ಹತ್ತಿ ಓಡಿದ್ದಾಳೆ. ಒಂದು ವರ್ಷ ಜ್ವರದಲ್ಲೇ ಹೋಗಿ ಗಿಡದ ಬುಡದಲ್ಲಿ ಕೂತು ಎಣಿಸಿದ್ದಾಳೆ.

ಒಂದು ಸಲ ಎಲ್ಲಾದರೂ ಅಚ್ಚಾಯಿತು ಅಂದರೆ ಮುಗೀತು. ಅದೇ ಕೆಲಸವನ್ನು ಬೇರೆ ಯಾವ ಮರ್ಯಾದಸ್ಥ ಜರ್ನಲ್ಲೂ ತಗೊಳ್ಳೋದಿಲ್ಲ. ಮೂರು ವರ್ಷದ ಹೂವು ಎಲ್ಲಿ ಹೋಗಿ ಬೀಳಬೇಕು ಅನ್ನೋದು ಶುಕ್ರವಾರದೊಳಗೆ ತೀರ್ಮಾನ ಆಗಬೇಕಿತ್ತು.

"ಸಾರ್ ಏನಂತಾರೆ?"

"ಕಳಿಸು ಅಂತಾರೆ. ಪೇಪರ್ ಅಚ್ಚಾಗದೆ ಥೀಸಿಸ್‌ಗೆ ಸಹಿ ಇಲ್ಲ ಅಂತಾರೆ. ದೊಡ್ಡ ಜರ್ನಲ್‌ಗೆ ಕಳಿಸಿದರೆ ವರ್ಷ ಕಾಯಬೇಕು, ಅಷ್ಟರಲ್ಲಿ ನಿನ್ನ ಕೆಲಸಕ್ಕೆ ಬೇರೆಯವರು ಬಂದು ಕೂತಿರ್ತಾರೆ ಅಂತಾರೆ. ಅದು ಸುಳ್ಳೂ ಅಲ್ಲ ಕುಬ್ರಕ್ಕ."

ಬಾಗಿಲು ಅರ್ಧ ಎಳೆದು ಇಬ್ಬರೂ ಕಂಪ್ಯೂಟರ್ ಮುಂದೆ ಕೂತೆವು. ಜರ್ನಲ್ಲಿನ ಹೆಸರಲ್ಲಿ ಇಂಟರ್‌ನ್ಯಾಷನಲ್ಲೂ ಇದೆ, ಗ್ಲೋಬಲ್ಲೂ ಇದೆ. ಒಂದು ಸಾಲದು ಅಂತ ಅನಿಸಿರಬೇಕು. ಒಂದೇ ಸಂಚಿಕೆಯಲ್ಲಿ ಸೇತುವೆ ಕಟ್ಟೋದು, ಕಷಾಯ ಕಾಯಿಸೋದು, ಬ್ಯಾಂಕ್ ಸಾಲ, ಹಾವಿನ ವಿಷ, ಎಲ್ಲಾ ಇದೆ. ಸಂತೆಯಲ್ಲೂ ಮೀನಿನ ಸಾಲು ಬೇರೆ, ಬಟ್ಟೆಯ ಸಾಲು ಬೇರೆ ಇರ್ತದೆ.

"ಇಲ್ಲಿ ಜರ್ನಲ್ಲಿನ ನೋಂದಣಿ ನಂಬರ್ ಇದೆಯಲ್ಲ, ಐಎಸ್‌ಎಸ್‌ಎನ್?" ಅಂದಳು.

"ನಂಬರ್ ಯಾರು ಬೇಕಾದ್ರೂ ತಗೋಬಹುದು. ಕಳ್ಳನ ಬೈಕಿಗೂ ನಂಬರ್ ಪ್ಲೇಟ್ ಇರ್ತದೆ."

ಜರ್ನಲ್ಲಿನ ತೂಕ ಹೇಳೋ ಇಂಪ್ಯಾಕ್ಟ್ ಫ್ಯಾಕ್ಟರ್ ಅಂತ ದೊಡ್ಡದೊಂದು ಅಂಕಿ ಹೊಳೀತಿತ್ತು. ಅದನ್ನು ಕೊಟ್ಟ ಸಂಸ್ಥೆಯ ಹೆಸರು ನಾನು ಕೇಳಿದ್ದೇ ಇಲ್ಲ. ಒಳ್ಳೆ ಜರ್ನಲ್ಲುಗಳನ್ನು ಪಟ್ಟಿ ಮಾಡೋ ಇಂತಿಂಥ ದೊಡ್ಡ ಸೂಚಿಗಳಲ್ಲಿ ನಮ್ಮ ಜರ್ನಲ್ ಇದೆ ಅಂತ ಬರೆದಿದ್ದರು. ಅವರ ಮಾತು ಅವರ ಮನೆಯಲ್ಲಿರಲಿ ಅಂತ ಆ ಸೂಚಿಗಳಿಗೇ ನೇರ ಹೋಗಿ ಹುಡುಕಿದೆ. ಒಂದರಲ್ಲೂ ಇಲ್ಲ. ಫೀಸು ಎಷ್ಟು ಅಂತ ವೆಬ್‌ಸೈಟಿನಲ್ಲಿ ಎಲ್ಲೂ ಇಲ್ಲ, ಅದು ಮೇಲ್‌ನಲ್ಲಿ ಮಾತ್ರ. ಆಫೀಸು ಲಂಡನ್ನಲ್ಲಂತೆ. ಫೋನ್ ನಂಬರ್ ಕೊಟ್ಟಿಲ್ಲ.

ಸಂಪಾದಕ ಮಂಡಳಿ ನೋಡಿದರೆ ಮೂಡಿಗೆರೆಯ ಡಾಕ್ಟರ್ ವಿಶ್ವನಾಥ್ ಅವರ ಫೋಟೋ! ಕೀಟಶಾಸ್ತ್ರ ಓದಿದವರು, ನಿವೃತ್ತರು, ನಮ್ಮ ಲೈಬ್ರರಿಗೆ ಪುಸ್ತಕ ಕೊಟ್ಟವರು. ಫೋನ್ ಹಾಕಿದೆ.

"ಸಂಪಾದಕನಾ? ನಾನಾ? ನಾನೀಗ ಎರಡು ದನಕ್ಕೂ ಒಂದಿಷ್ಟು ಮೆಣಸಿನ ಬಳ್ಳಿಗೂ ಮಾತ್ರ ಸಂಪಾದಕ ಕಣಮ್ಮ," ಅಂದು ನಕ್ಕರು. ಆಮೇಲೆ ನಗು ನಿಂತಿತು. "ಎಷ್ಟು ಮಕ್ಕಳು ನನ್ನ ಮುಖ ನೋಡಿ ದುಡ್ಡು ಕಟ್ಟಿರಬಹುದು?" ಅವರು ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ. ನನಗೆ ಮಾತ್ರ ಕೇಳಿ ಹಿತ ಆಯಿತು.

ಇಂಥವಕ್ಕೆ ಪ್ರಿಡೇಟರಿ ಜರ್ನಲ್ ಅಂತ ಹೆಸರು. ನಾನು ಕಳ್ಳ ಜರ್ನಲ್ ಅಂತೀನಿ. ಮಕ್ಕಳ ಅವಸರ, ಮೇಷ್ಟ್ರುಗಳ ಪ್ರಮೋಷನ್ ಆಸೆ, ಇವೆರಡನ್ನೇ ಮೇಯ್ದು ಬದುಕೋ ಜಾತಿ.

"ಆದರೂ ಒಂದು ಲೇಖನ ಓದಿ ನೋಡೋಣ. ಓದದೆ ಬೈಯೋದು ತಪ್ಪು," ಅಂದಳು ಧನ್ಯಾ. ಅವಳ ಗುಣವೇ ಹಾಗೆ. ಹಳೇ ಸಂಚಿಕೆಯೊಂದರಲ್ಲಿ ಕಾಫಿಯ ಮೇಲೆ, ಅದರಲ್ಲೂ ಜೇನಿನ ಮೇಲೆ ಒಂದು ಲೇಖನ ಸಿಕ್ಕಿತು. ಎರಡನೇ ಪುಟಕ್ಕೆ ಬಂದವಳು ಓದೋದು ನಿಲ್ಲಿಸಿ ನನ್ನ ಮುಖ ನೋಡಿದಳು. ಮತ್ತೆ ಪರದೆ ನೋಡಿದಳು.

"ಕುಬ್ರಕ್ಕ, ಇವರು ಕಳಸದ ತೋಟದಲ್ಲಿ ಜುಲೈ ತಿಂಗಳಿಡೀ ಕಾಫಿ ಹೂವಿನ ಮೇಲೆ ಜೇನು ಎಣಿಸಿದ್ದಾರಂತೆ. ಪ್ರಖರ ಬಿಸಿಲಿತ್ತಂತೆ."

ಕಳಸ. ಜುಲೈ. ಬಿಸಿಲು. ಹೂವು. ನಾನು ಗ್ಯಾರೇಜಿನವನ ಮಗಳು, ನನಗೆ ಒಂದು ಗಿಡ ತೋಟ ಇಲ್ಲ. ನನಗೇ ನಗು ಬಂತು. ಜುಲೈಯಲ್ಲಿ ಕಳಸದಲ್ಲಿ ಕೊಡೆ ಬಿಟ್ಟು ಹೊರಗೆ ಬರೋದು ಜಿಗಣೆ ಮಾತ್ರ. ಯಾವ ದೇಶದ ಲೇಖನವನ್ನು ಎತ್ತಿ ಊರಿನ ಹೆಸರು ಬದಲಿಸಿದ್ದರೋ ಏನೋ. ನಗ್ತಾ ನಗ್ತಾ ಮೇಲಕ್ಕೆ ಹೋಗಿ ಬರೆದವರ ಹೆಸರು ನೋಡಿದೆವು. ಮೂರನೇ ಹೆಸರು ರೇಣುಕಪ್ರಸಾದ್ ಸಾರ್‌ದು.

ಸಾರ್ ಊರು ಕಳಸ. ಅವರ ಮನೆಯ ತೋಟವೇ ಅಲ್ಲಿದೆ. ಧನ್ಯಾ ಎಣಿಸಿದ ಮೂರು ತೋಟಗಳಲ್ಲಿ ಒಂದು ಅವರದ್ದೇ.

ಅವಳು ಆ ಪುಟಗಳ ಪ್ರಿಂಟ್ ತೆಗೆದಳು. "ನೀವೂ ಬನ್ನಿ. ಒಬ್ಬಳೇ ಹೋದ್ರೆ ಅಳು ಬರ್ತದೆ," ಅಂದಳು.

ಸಾರ್ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಕೋಣೆಗೆ ಯಾರು ಹೋದರೂ ಫ್ಲಾಸ್ಕಿನಿಂದ ಮನೆಯ ಕಾಫಿ ಬಗ್ಗಿಸಿ ಕೊಡ್ತಾರೆ. ಅವತ್ತೂ ಕೊಟ್ಟರು.

"ಸಾರ್, ಜುಲೈಯಲ್ಲಿ ನಿಮ್ಮ ತೋಟದಲ್ಲಿ ಎಂಥ ಕೆಲಸ ನಡೀತದೆ?" ಧನ್ಯಾ ಮೆಲ್ಲಗೆ ಕೇಳಿದಳು.

"ಜುಲೈಯಲ್ಲಾ? ಎಂಥದಮ್ಮ, ಮಳೆ ನೋಡೋದು. ಬಿದ್ದ ಮರ ಎಳೆಸೋದು, ಚರಂಡಿ ಬಿಡಿಸೋದು."

"ಹೂವು ಇರ್ತದಾ ಸಾರ್?"

"ಹುಚ್ಚಾ ನಿಂಗೆ? ಜುಲೈಯಲ್ಲಿ ಯಾವ ತೋಟದಲ್ಲಿ ಹೂವು ಇರ್ತದೆ?"

ಅವಳು ಹಾಳೆ ಮುಂದಿಟ್ಟಳು. ಸಾರ್ ಕನ್ನಡಕ ಏರಿಸಿ ಓದಿದರು. ಹೆಸರಿಗೆ ಬಂದಾಗ ಕಿವಿ ಕೆಂಪಾಯಿತು. ನಾಚಿಕೆ ಅಂದುಕೊಂಡೆ. ಅಲ್ಲ, ಸಿಟ್ಟು.

"ಏನಿದು? ಜೇನು ಬಿಟ್ಟು ನನ್ನ ಮೇಲೆ ರಿಸರ್ಚ್ ಶುರುಮಾಡಿದೀಯಾ?"

"ನೀವು ಇದನ್ನ ಓದಿದ್ದೀರಾ ಸಾರ್?"

"ಯಾರೋ ಪರಿಚಯದವರು, ಹೆಸರು ಸೇರಿಸ್ತೀವಿ ಸಾರ್ ಅಂದ್ರು. ಸೇರಿಸ್ಕೊಳ್ಳಿ ಅಂದೆ. ಮನೆಗೆ ಬಂದು ಕೇಳಿದವರಿಗೆ ಇಲ್ಲ ಅನ್ನೋಕಾಗ್ತದಾ? ಎಲ್ಲರೂ ಮಾಡೋದೇ. ಪ್ರಮೋಷನ್ನಿಗೆ ಪಾಯಿಂಟ್ ಕೊಡೋರು ಓದ್ತಾರೆ ಅಂದುಕೊಂಡೆಯಾ? ಎಣಿಸ್ತಾರೆ ಅಷ್ಟೇ."

ನನಗೆ ತಡೆಯಲಾಗಲಿಲ್ಲ. "ಸಾರ್, ತೋಟಕ್ಕೆ ಬಂದು ನಿಮ್ಮ ಕಾಫಿ ಜುಲೈಯಲ್ಲಿ ಹೂ ಬಿಡ್ತದೆ ಅಂತ ಯಾರಾದ್ರೂ ಹೇಳಿದ್ರೆ ಗೇಟಿನಿಂದ ಆಚೆ ಕಳಿಸ್ತಿದ್ರಿ. ಅದೇ ಮಾತಿನ ಕೆಳಗೆ ನಿಮ್ಮ ಹೆಸರಿದೆ!"

"ಕುಬ್ರಾ, ನೀವು ಪುಸ್ತಕ ನೋಡ್ಕೊಳ್ಳಿ."

"ಪುಸ್ತಕಾನೇ ಸಾರ್ ನೋಡ್ತಿರೋದು. ಏನು ಓದಬಾರದು ಅಂತ ಹೇಳೋದೂ ನನ್ನ ಕೆಲಸವೇ."

ಧನ್ಯಾ ನನ್ನ ಕೈ ಹಿಡಿದಳು. ಅಳಲಿಲ್ಲ ಹುಡುಗಿ. "ಸಾರ್, ನೀವೇ ನನಗೆ ಹೂವು ಎಣಿಸೋದು ಕಲಿಸಿದ್ದು. ಮೊದಲನೇ ವರ್ಷ ನನ್ನ ಜೊತೆ ಗಿಡದ ಬುಡದಲ್ಲಿ ಕೂತಿದ್ರಿ. ಹೆಜ್ಜೇನು ಯಾವುದು, ತುಡುವೆ ಯಾವುದು ಅಂತ ತೋರಿಸಿದ್ರಿ. ಅದನ್ನ ತಗೊಂಡು ಹೋಗಿ ಈ ಜುಲೈ ಹೂವಿನ ಪಕ್ಕ ಇಡು ಅಂತೀರಲ್ಲ. ಇವತ್ತು ಇಟ್ಟರೆ, ನನ್ನದನ್ನ ನೋಡಿದವರು ಇದೂ ಹಂಗೇ ಅಂತಾರೆ. ನಾನು ಕಳಿಸಲ್ಲ."

"ಹಾಗಾದ್ರೆ ಈ ಸಲ ನನ್ನ ಸಹಿ ಇಲ್ಲ."

"ಬೇಡ ಸಾರ್."

ಅಷ್ಟು ಹೇಳಿ ಎದ್ದಳು. ಆಚೆ ಬಂದು ಮೆಟ್ಟಿಲ ಮೇಲೆ ಕೂತಳು. "ಅಮ್ಮನಿಗೆ ಏನು ಹೇಳಲಿ ಕುಬ್ರಕ್ಕ? ಈ ವರ್ಷ ಡಾಕ್ಟರಾಗ್ತೀನಿ ಅಂತ ಲೈನಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ." ನಿಜ ಹೇಳಿದ್ದಕ್ಕೆ ವರ್ಷ ಕಳಕೊಳ್ಳಬೇಕು, ಸುಳ್ಳಿಗೆ ಹೆಸರು ಕೊಟ್ಟವರಿಗೆ ಪ್ರಮೋಷನ್. ಈ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ, ಆಗೋದೂ ಬೇಡ.

ಶುಕ್ರವಾರ ಕಳೆದ ಮೇಲೆ ಆ ಜರ್ನಲ್ಲಿನಿಂದ ಮೇಲ್ ಮೇಲೆ ಮೇಲ್. ಮೊದಲು ಮಾನ್ಯ ಡಾಕ್ಟರ್. ಆಮೇಲೆ ಬರೀ ಡಿಯರ್. ಕೊನೆಗೆ, ಒಪ್ಪಿಗೆಯಾದ ಲೇಖನ ಹಿಂದೆ ಪಡೆಯೋದಕ್ಕೂ ದಂಡ ಕಟ್ಟಬೇಕು ಅಂತ ಬೆದರಿಕೆ. ಕೊಡದೇ ಇದ್ದದ್ದನ್ನು ಹಿಂದೆ ಪಡೆಯೋಕೆ ದಂಡ! ನಾನೇ ಕೂತು ಅವಳಿಂದ ಉತ್ತರ ಬರೆಸಿದೆ: ಲೇಖನ ಕಳಿಸಿಲ್ಲ, ಸಹಿ ಹಾಕಿಲ್ಲ, ದುಡ್ಡು ಕೊಡೋದಿಲ್ಲ. ಅಲ್ಲಿಗೆ ಬಾಯಿ ಮುಚ್ಚಿತು.

ಧನ್ಯಾ ತನ್ನ ಲೇಖನವನ್ನು ಜೇನು, ಹೂವು ಬಲ್ಲವರು ನಡೆಸುವ ಒಂದು ಜರ್ನಲ್ಲಿಗೆ ಕಳಿಸಿದಳು. ಅದರ ಸಂಪಾದಕರಿಗೆ ಮೊದಲೇ ಬರೆದು, ಅವರು ನಿಜವಾಗಿ ಇದ್ದಾರೆ ಅಂತ ಖಚಿತ ಮಾಡಿಕೊಂಡೇ ಕಳಿಸಿದ್ದು. ಗೈಡ್ ಅಂತ ಸಾರ್ ಹೆಸರೂ ಅದರಲ್ಲಿರೋದರಿಂದ ಅವರ ಒಪ್ಪಿಗೆ ಬೇಕಿತ್ತು. "ಏನಾದ್ರೂ ಮಾಡ್ಕೊ," ಅಂತ ಒಂದು ಸಾಲಿನ ಮೇಲ್ ಕಳಿಸಿದರು. ಅಲ್ಲಿಂದ ಅವಳ ಹತ್ತಿರ ಮಾತು ಬಿಟ್ಟರು. ಥೀಸಿಸ್ ಆ ವರ್ಷ ಹೋಗಲಿಲ್ಲ. ಅತಿಥಿ ಉಪನ್ಯಾಸಕರ ಹೊಸ ಪಟ್ಟಿಯಲ್ಲಿ ಅವಳಿಗೆ ಅರ್ಧದಷ್ಟು ತರಗತಿ ಮಾತ್ರ ಸಿಕ್ಕಿತು.

ಮಳೆಗಾಲ ಮುಗಿದು ಹಣ್ಣು ಕುಯ್ಲು ಶುರುವಾದ ಮೇಲೆ ಉತ್ತರ ಬಂತು. ಒಪ್ಪಿಗೆ ಅಲ್ಲ, ತಿರಸ್ಕಾರವೂ ಅಲ್ಲ. ಜರ್ನಲ್ಲಿನವರು ಪರಿಶೀಲಿಸಲು ಕೊಟ್ಟ ಇಬ್ಬರು ಅಪರಿಚಿತರು ಅವಳ ಲೇಖನವನ್ನು ಸಾಲು ಸಾಲಾಗಿ ಜಗ್ಗಾಡಿದ್ದರು. ಅವಳು ಓದುತ್ತಾ ಬೈತಿದ್ದಳು, ಆದರೆ ಬಾಯಿ ತುಂಬ ನಗು. "ನೋಡಿ ಕುಬ್ರಕ್ಕ, ಎಂಥ ಕಣ್ಣು ಇವರದ್ದು! ಎರಡನೇ ವರ್ಷ ಕಳಸದ ತೋಟ ಉಳಿದೆರಡಕ್ಕಿಂತ ಮೊದಲೇ ಹೂ ಬಿಟ್ಟಿದೆ, ಆಗ ಮಳೆ ಎಲ್ಲಿತ್ತು ಅಂತ ಕೇಳ್ತಾರೆ. ಮಳೆ ಬದಲು ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಕಿದ್ರಾ, ಯಾವ ದಿನ ಅಂತ. ನಾನು ಬರೆದೇ ಇಲ್ಲ!"

ಕಳಸದ ತೋಟ ಅಂದರೆ ಸಾರ್ ತೋಟ. ಕೇಳದೆ ಗತಿಯಿಲ್ಲ. ಮತ್ತೆ ಆ ಕೋಣೆಗೆ ಹೋದೆವು. ಈ ಸಲ ಫ್ಲಾಸ್ಕು ತೆರೆಯಲಿಲ್ಲ.

ಸಾರ್ ಪ್ರಶ್ನೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮತ್ತೆ ಮೊದಲಿಗೆ ಹೋಗಿ ಓದಿದರು. "ಇಷ್ಟೂ ಓದಿದ್ದಾರಾ ಇವರು?" ಅಂದರು. ಧ್ವನಿ ಹೇಗಿತ್ತು ಅಂದರೆ, ಅವರ ಯಾವ ಬರಹವನ್ನೂ ಯಾರೂ ಹೀಗೆ ಓದಿರಲಿಕ್ಕಿಲ್ಲ ಅನಿಸಿತು. ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ.

"ನೀರು ಹಾಕಿದ್ದು ಯಾವ ದಿನ ಅಂತ ಬೇಕು ಸಾರ್," ಅಂದಳು ಧನ್ಯಾ.

ಸಾರ್ ಕಳಸಕ್ಕೆ, ತಮ್ಮನಿಗೆ ಫೋನ್ ಹಚ್ಚಿದರು. ಕೇಳಿಸಿಕೊಂಡು, ಫೋನಿಗೆ ಕೈ ಅಡ್ಡ ಇಟ್ಟು ಅವಳ ಕಡೆ ತಿರುಗಿದರು.

"ಅಂದಾಜು ಮಾರ್ಚ್ ಮೊದಲನೇ ವಾರ ಅಂತಾನೆ. ಸಾಕಾ?"

"ಸಾಲದು ಸಾರ್."

ಸಾರ್ ಫೋನಿಗೆ ಅಡ್ಡ ಇಟ್ಟ ಕೈ ತೆಗೆದರು. ಆಮೇಲೆ ಫೋನಿನಲ್ಲಿ ಅಂದರು, "ಸಾಲದಂತೆ ಮಾರಾಯ. ರೈಟರ್‌ನ ಕರೆದು, ತೋಟದ ಲೆಕ್ಕದ ಪುಸ್ತಕ ತೆಗೆಸಿ, ಸರಿಯಾಗಿ ಕೇಳಿ ಹೇಳು. ನಾನು ಹಿಡ್ಕೊಂಡೇ ಇರ್ತೀನಿ."