ಜೋನಿಬೆಲ್ಲದ ಅಂಟು

"ಆ ಚೀಲ ಹೊರಗ ಇಡು ಹೊನ್ನಾ. ಹೊಸ್ತಿಲ ದಾಟಿದಿ ಅಂದ್ರ ನೋಡು!"

ಗಿರಿಜವ್ವ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಳು. ಕ್ಷೌರದ ಹೊನ್ನ ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದ. ಹಡಪದ ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡ.

"ನಾ ಏನ್ ಮಾಡ್ಲಿ ತಂಗೀ? ನಿಮ್ಮ ಅಪ್ಪಾರು ಹೇಳಿ ಕಳಿಸಿದ್ರು. ಮೈ ತೊಳಿಯೂದ್ರಾಗ ಅವ್ವಾರ ಮಾರಿ ಒಂದೀಟು ಸಾಪ್ ಮಾಡಿ ಹೋಗು ಅಂದ್ರು."

"ನಮ್ಮವ್ವನ ಮಾರಿಗೆ ಕತ್ತಿ ತಾಗೂದಿಲ್ಲ. ಹೋಗು."

ಅಂಗಳದಲ್ಲಿ ಹೆಣ ಕೂರಿಸಿ ಒಯ್ಯುವ ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದವರು ಕೈ ನಿಲ್ಲಿಸಿ ಇತ್ತ ನೋಡಿದರು. ಕಟ್ಟೆಯ ಮೇಲೆ ಕೂತಿದ್ದ ಅವಳ ಅಪ್ಪ ಪರಮೇಶ್ವರಪ್ಪ ಎದ್ದು ಬಂದ. ಬನವಾಸಿ ಪೇಟೆಯಲ್ಲಿ ಅವನದು ಬಟ್ಟೆ ಅಂಗಡಿ. ಗಿರಾಕಿಗಳ ಜೊತೆ ಎಂದೂ ದನಿ ಏರಿಸದ ಮನುಷ್ಯ ಎಂದು ಹೆಸರು. ಈಗಲೂ ಅವನು ದನಿ ಏರಿಸಲಿಲ್ಲ.

"ಗಿರಿಜಾ, ಮಂದಿ ಮುಂದ ರಂಪ ಮಾಡಬ್ಯಾಡ. ನಿಮ್ಮವ್ವನ್ನ ಕುಂಡ್ರಿಸಿಕೊಂಡು ಊರ ನಡುವ ಹೋಗಬೇಕು. ಎಲ್ಲಾರೂ ಮಾರಿ ನೋಡ್ತಾರ. ಹಿಂಗ ಒಯ್ಯಾಕ ಬರ್ತದೇನು?"

"ನಾ ಮಾಡ್ತೀನಿ. ಅವ್ವ ಹೆಂಗ ಮಾಡಿಕೊಳ್ತಿದ್ದಳೋ ಹಂಗ."

"ಅದಕ್ಕೆಲ್ಲ ಹೊತ್ತಿಲ್ಲ. ಕ್ರಿಯಾ ಮಾಡಿಸಾಕ ಅಯ್ಯನವರು ಬರ್ತಾರ."

"ಬಂದು ಕುಂಡ್ರಲಿ. ಅಪ್ಪಾ, ಒಮ್ಮೆ ಕತ್ತಿ ಕೊಟ್ಟದ್ದು ಸಾಲದೇನು ನಿಮಗ?"

ಪರಮೇಶ್ವರಪ್ಪನ ಮುಖ ಕೆಂಪೇರಿತು. ಅವನು ಹೊನ್ನನ ಕಡೆ ತಿರುಗಿ ಹೋಗು ಎನ್ನುವಂತೆ ಕೈ ಬೀಸಿದ.

ಒಳಗೆ ಪಡಸಾಲೆಯಲ್ಲಿ ತೀರಿಕೊಂಡ ತಾಯಿ ಮುರಿಗೆವ್ವನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಸುತ್ತ ಓಣಿಯ ಹೆಂಗಸರು. ದೀಪಾವಳಿಯ ಹೊತ್ತಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರನ್ನೂ ಕಳೆದುಕೊಂಡಿದ್ದ ದೇಹ ಮಗುವಿನಷ್ಟು ಸಣ್ಣದಾಗಿತ್ತು. ಆದರೆ ಹೆಂಗಸರ ಕಣ್ಣು ಹೋಗುತ್ತಿದ್ದುದು ಮುಖಕ್ಕೆ. ಗದ್ದದ ತುಂಬ, ಮೇಲ್ದುಟಿಯ ಮೇಲೆ, ಕೆನ್ನೆಯ ಇಳಿಜಾರಿನಲ್ಲಿ ನರೆತ ಕೂದಲು ಬೆಳೆದು ಸುರುಳಿಗಟ್ಟಿತ್ತು. ನೋಡಿದವರು ತಟ್ಟನೆ ಬೇರೆ ಕಡೆ ನೋಡುತ್ತಿದ್ದರು. ಆಮೇಲೆ ಮತ್ತೆ ನೋಡುತ್ತಿದ್ದರು.

ತಲೆದೆಸೆಯಲ್ಲಿ ಕೂತ ಪಾರ್ವತವ್ವ ಬಂದವರಿಗೆಲ್ಲ ಕಡೆಯ ದಿನಗಳ ಕತೆ ಹೇಳುತ್ತಿದ್ದಳು. ಅವಳು ಪರಮೇಶ್ವರಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದು ಮನೆಯ ಕೀಲಿಕೈ ಸೊಂಟಕ್ಕೆ ಸಿಗಿಸಿಕೊಂಡವಳು.

"ಬರೇ ನೀರು ಕೇಳ್ತಿದ್ದಳವ್ವಾ. ಮಾತಿರಲಿಲ್ಲ ಅಲ್ಲಾ, ಎಡಗೈ ಎತ್ತಿ ಹಿಂಗ ಬಾಯಿ ಕಡೆ ತೋರಸ್ತಿದ್ದಳು. ನಾ ಚಮಚಲೆ ಹಾಕಿದೆ, ಹಾಕಿದೆ, ಹಾಕಿದೆ. ಹೊರಗ ಉಗುಳಾಕಿ. ಕಣ್ಣಾಗ ನೀರು ತರಾಕಿ. ಮತ್ತ ಕೈ ತೋರಸಾಕಿ. ಜೀವದ ನೀರಡಿಕಿ ಅಂದ್ರ ಅದು."

ಹೆಂಗಸರು ಚ್ಚು ಚ್ಚು ಎಂದರು. ಗಿರಿಜವ್ವ ಕಂಬ ಹಿಡಿದು ನಿಂತಳು.

"ಬಾಯಿ ಕಡೆ ತೋರಸಿದಳೇನು ಅತ್ತಿ, ಗದ್ದದ ಕಡೆಯೋ?"

"ಬಾಯಿ ಎಲ್ಲೈತಿ, ಗದ್ದ ಎಲ್ಲೈತಿ? ಎಲ್ಲಾ ಅಲ್ಲೇ ಅದಾವು."

"ನಾ ಯುಗಾದಿಗೆ ಬಂದು ಹೋಗೂ ಮುಂದ ನಿನಗ ಏನು ಹೇಳಿದ್ದೆ? ಜೋನಿಬೆಲ್ಲ ಡಬ್ಬಿಗೆ ಹಾಕಿ ಇಟ್ಟೀನಿ, ನಿಂಬಿಹಣ್ಣು ಇಟ್ಟೀನಿ, ಅವ್ವನ ಮಾರಿ ನೋಡಿಕೋ ಅಂತ ಹೇಳಿದ್ದಿಲ್ಲೇನು? ಅವ್ವ ನೀರು ಕೇಳಲಿಲ್ಲ ಅತ್ತಿ. ಮಾರಿ ಕೇಳಿದಳು. ತನ್ನ ಮಾರಿ ಕೇಳಿದಳು. ನೀ ಬಾಯಾಗ ನೀರು ಹೊಯ್ದಿ."

ಪಾರ್ವತವ್ವ ಸೆಟೆದು ಕೂತಳು. "ಸಾಯೂ ಮುದಿಕಿಗೆ ಸಿಂಗಾರ ಮಾಡ್ಕೋತ ಕುಂಡ್ರಬೇಕಿತ್ತೇನು ನಾ? ಉಚ್ಚಿ ಬಳದಾಕಿ ನಾ, ಹೇಲು ಬಳದಾಕಿ ನಾ. ನೀ ಎಲ್ಲಿದ್ದಿ?"

ಗಿರಿಜವ್ವ ಹಾನಗಲ್ಲಿನ ಗಂಡನ ಮನೆಯಲ್ಲಿದ್ದಳು. ಇಲ್ಲೇ ಇರುತ್ತೇನೆ ಎಂದಾಗ ಅಪ್ಪ, "ಮಕ್ಕಳನ್ನ ಬಿಟ್ಟು ಎಷ್ಟ ದಿನ ಇರ್ತಿ? ಅಕ್ಕ ನೋಡಿಕೊಳ್ತಾಳ, ಹೋಗು" ಎಂದು ಬಸ್ಸು ಹತ್ತಿಸಿದ್ದ. ಅವಳು ಹತ್ತಿದ್ದಳು. ಬಸ್ಸು ಹತ್ತಿದ ತನ್ನ ಮೇಲೂ ಅವಳಿಗೆ ಈಗ ಸಿಟ್ಟು.

ಅವಳು ಹಿತ್ತಿಲಿಗೆ ಹೋದಳು.

*

ಮುರಿಗೆವ್ವ ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಹಿತ್ತಿಲ ಬಿಸಿಲಿನಲ್ಲಿ ತಲೆ ಒಣಗಿಸುತ್ತಿದ್ದಳು. ಗಂಡ ಊಟಕ್ಕೆಂದು ಅಂಗಡಿಯಿಂದ ಬೇಗ ಬಂದವನು ಹಿತ್ತಿಲಿಗೆ ಬಂದು ನೋಡಿದ. ದೀಪದ ಬೆಳಕಿನಲ್ಲಿ ಕಾಣದಿದ್ದುದು ಬಿಸಿಲಿನಲ್ಲಿ ಕಂಡಿತು. ಮರುದಿನ ಅವನು ಕನ್ನಡಿ ಮತ್ತು ತನ್ನ ಕ್ಷೌರದ ಕತ್ತಿಯನ್ನು ಅವಳ ಮುಂದೆ ಇಟ್ಟು, "ನಾ ಹೆಂಡ್ತಿ ಕೇಳಿದ್ದೆ, ನಿಮ್ಮಪ್ಪ ನನಗೊಬ್ಬ ತಮ್ಮನ್ನ ಕೊಟ್ಟಾನ" ಎಂದ. ದನಿ ಏರಿಸದೆಯೇ ಹೇಳಿದ.

ಅವಳಿಗೆ ಕತ್ತಿ ಹಿಡಿದು ಗೊತ್ತಿರಲಿಲ್ಲ. ಗದ್ದ ಕುಯ್ದುಕೊಂಡಿತು. ಎರಡು ದಿನ ಕಳೆಯುವುದರೊಳಗೆ ಕೊಯ್ದ ಗದ್ದೆಯ ಕೂಳೆಯಂತೆ ಕೂದಲು ಒರಟಾಗಿ ಎದ್ದಿತು. ಅದನ್ನು ನೋಡಿ ಗಂಡ ಇನ್ನೊಂದು ಮಾತು ಹೇಳಿದ. ಆ ಮಾತೇನೆಂದು ಅವಳು ಮಗಳಿಗೂ ಕೊನೆಯವರೆಗೆ ಹೇಳಲಿಲ್ಲ. ಸಿದ್ದಾಪುರದ ತವರಿಗೆ ಹೋಗಿ ಕತ್ತಲೆ ಕೋಣೆ ಸೇರಿದಳು.

ಅಲ್ಲಿ ಪಕ್ಕದ ತೋಟದ ಮನೆಯ ವೆಂಕಮ್ಮ, ಅಡಿಕೆ ಕೆಲಸಕ್ಕೆ ಆಳು ಕೇಳಲು ಬಂದವಳು, ಹುಡುಗಿ ಯಾಕೆ ಹೊರಗೆ ಬರುವುದಿಲ್ಲ ಎಂದು ಕೋಣೆಗೇ ಹೊಕ್ಕಳು. ಗದ್ದ ಹಿಡಿದು ಎತ್ತಿ ನೋಡಿದಳು. "ಅಳಡ ಕೂಸೆ. ಇದ್ಕೆಲ್ಲ ಎಂತಕ್ಕೆ ಅಳದು? ಕೂತ್ಕ, ಆನು ತೋರಿಸ್ತೆ" ಎಂದಳು.

ಜೋನಿಬೆಲ್ಲಕ್ಕೆ ನಿಂಬೆರಸ ಹಿಂಡಿ ಸಣ್ಣ ಉರಿಯಲ್ಲಿ ಕುದಿಸಬೇಕು. ಮೇಲೆ ನೊರೆ ಬರುವವರೆಗೆ ಕೈ ಬಿಡದೆ ತಿರುವಬೇಕು. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಅದು ಕರಗದೆ, ಕಲ್ಲಾಗದೆ, ಬೆರಳಿಗೆ ಮೆತ್ತಗೆ ಉಂಡೆಯಾಗಿ ಸಿಗಬೇಕು. ಮುಖಕ್ಕೆ ಅಕ್ಕಿಹಿಟ್ಟು ಸವರಿ, ಉಗುರುಬೆಚ್ಚಗಿನ ಪಾಕವನ್ನು ಕೂದಲು ಬೆಳೆದ ದಿಕ್ಕಿಗೆ ತೆಳ್ಳಗೆ ಬಳಿದು, ಹಳೆಯ ಧೋತರದ ಪಟ್ಟಿ ಅದರ ಮೇಲೊತ್ತಿ, ಒಂದು ಕೈಯಲ್ಲಿ ಚರ್ಮ ಬಿಗಿ ಹಿಡಿದು ಇನ್ನೊಂದರಲ್ಲಿ ಎದುರು ದಿಕ್ಕಿಗೆ ಸರಕ್ಕನೆ ಎಳೆಯಬೇಕು. ಆಮೇಲೆ ಲೋಳಸರದ ತಿರುಳು. ಬೇರುಸಹಿತ ಬಂದ ಕೂದಲು ವಾರಗಟ್ಟಲೆ ತಲೆ ಎತ್ತುವುದಿಲ್ಲ, ಎದ್ದರೂ ಮೆತ್ತಗಿರುತ್ತದೆ.

ಮುರಿಗೆವ್ವ ನುಣ್ಣನೆಯ ಮುಖ ಹೊತ್ತು ಗಂಡನ ಮನೆಗೆ ಮರಳಿದಳು. ಅವನು ಏನೂ ಕೇಳಲಿಲ್ಲ. ಉಣ್ಣುವಾಗ ತಲೆ ಎತ್ತಿ ಅವಳನ್ನು ನೋಡುವುದನ್ನೂ ಬಿಟ್ಟ.

ಸುದ್ದಿ ಹೇಗೋ ಹೆಂಗಸರಿಗೆ ಮುಟ್ಟಿತು. ಗಂಡಸರು ಅಂಗಡಿ, ಗದ್ದೆ ಎಂದು ಹೋದ ಹೊತ್ತಿಗೆ ಹಿತ್ತಿಲ ಬಾಗಿಲು ಸದ್ದಾಗುತ್ತಿತ್ತು. ಉಡಿಯಲ್ಲಿ ಒಂದು ನಿಂಬೆಹಣ್ಣು. ಮೇಲ್ದುಟಿಯವರು, ಗದ್ದದವರು, ಮದುವೆ ಗೊತ್ತಾದ ಹುಡುಗಿಯರು, ಅವರ ಕೈ, ಕಾಲು. ಅವರು ಮುರಿಗೆವ್ವನ ಮೊಣಕಾಲ ಮೇಲೆ ತಲೆಯಿಟ್ಟು ಹಲ್ಲು ಕಚ್ಚಿ ಮಲಗುತ್ತಿದ್ದರು. ಹೋಗುವಾಗ "ಯಾರ ಮುಂದನೂ ಹೇಳಬ್ಯಾಡ ಯಕ್ಕಾ" ಎನ್ನುತ್ತಿದ್ದರು. ಅವಳು ಹೇಳಲಿಲ್ಲ.

ಗಿರಿಜವ್ವನ ಗದ್ದದಲ್ಲೂ ಅದೇ ಮೊಳೆತಾಗ ಅವ್ವ ಅವಳನ್ನು ಹಿತ್ತಿಲಲ್ಲಿ ಕೂರಿಸಿಕೊಂಡಳು. ಮೊದಲ ಪಟ್ಟಿ ಎಳೆದ ಕೂಡಲೇ ಹುಡುಗಿ ಅವ್ವನ ಕೈಗೆ ಹೊಡೆದು, "ಎಲ್ಲಾ ನಿನ್ನಿಂದ ಬಂತು" ಎಂದು ಚೀರಿದಳು.

"ಹೌದು, ನನ್ನಿಂದ ಬಂತು," ಎಂದಳು ಮುರಿಗೆವ್ವ. "ತೆಗೆಯೂದನ್ನೂ ನನ್ನಿಂದನ ಕಲಿ. ಕತ್ತಿ ಮಾತ್ರ ಮುಟ್ಟಬ್ಯಾಡ." ಅವತ್ತೇ ಅವಳು ಕತ್ತಿಯ ಕತೆ ಹೇಳಿದ್ದು, ಮಗಳ ಉರಿಯುವ ಗದ್ದಕ್ಕೆ ಲೋಳಸರ ಹಚ್ಚುತ್ತ.

*

ಹಿತ್ತಿಲಲ್ಲಿ ಹೆಣ ತೊಳೆಯುವ ನೀರು ಹಂಡೆಯಲ್ಲಿ ಕಾಯುತ್ತಿತ್ತು. ಯುಗಾದಿಗೆ ಇಟ್ಟುಹೋದ ಡಬ್ಬಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟಲ್ಲೇ ಇತ್ತು, ಬಾಯಿ ಬಿಚ್ಚಿರಲಿಲ್ಲ. ನಿಂಬೆಹಣ್ಣು ಒಣಗಿ ಕಪ್ಪಾಗಿದ್ದವು. ಗಿಡದಿಂದ ಹೊಸದನ್ನು ಕಿತ್ತಳು. ಒಲೆಯ ಬಾಯಿಂದ ಕೆಂಡ ಎಳೆದು ಮೂರು ಕಲ್ಲಿನ ನಡುವೆ ಹಾಕಿ ಸಣ್ಣ ಪಾತ್ರೆ ಇಟ್ಟಳು.

"ಸತ್ತ ಮನ್ಯಾಗ ಪಾಕ ಹಿಡೀತಾಳಲ್ಲವ್ವಾ!" ಪಾರ್ವತವ್ವ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. "ಹಬ್ಬ ಮಾಡ್ತಾಳೇನ ಇಕಿ?"

ಗಿರಿಜವ್ವ ತಿರುವುತ್ತಲೇ ಇದ್ದಳು. ಪಾಕ ಜೇನಿನ ಬಣ್ಣಕ್ಕೆ ತಿರುಗಿತು. ಹನಿ ನೀರಿನಲ್ಲಿ ಉಂಡೆಯಾಯಿತು. ಪಾತ್ರೆಯನ್ನು ಸೆರಗಿನಿಂದ ಹಿಡಿದು ಹೆಂಗಸರ ನಡುವೆ ಹಾದು ಅವ್ವನ ಪಕ್ಕ ಕೂತಳು. ಅಕ್ಕಿಹಿಟ್ಟು ಸವರಿದಳು. ಗದ್ದದ ಎಡಬದಿಗೆ ಪಾಕ ಬಳಿದು ಪಟ್ಟಿ ಒತ್ತಿ, ಚರ್ಮ ಬಿಗಿ ಹಿಡಿದು ಎಳೆದಳು.

ಪಟ್ಟಿ ಬರಿದಾಗಿ ಬಂತು. ಪಾಕ ಗದ್ದದ ಮೇಲೇ ಗಾಜಿನಂತೆ ಗಟ್ಟಿಯಾಗಿ ಕೂತಿತ್ತು.

ಇನ್ನಷ್ಟು ಬಿಸಿ ಪಾಕ ಬಳಿದು ಬೇಗನೆ ಎಳೆದಳು. ಈ ಸಲ ಎರಡು ಕೂದಲು ಬಂದವು. ಅವುಗಳ ಜೊತೆ ಚರ್ಮದ ತೆಳು ಪೊರೆಯೂ ಎದ್ದು ಬಂತು. ರಕ್ತ ಬರಲಿಲ್ಲ. ತಣ್ಣಗಾದ ಮೈಮೇಲೆ ಪಾಕ ಅಂಟು ಕಳೆದುಕೊಂಡು ಕಲ್ಲಾಗುತ್ತದೆ. ಅದಕ್ಕೆ ಜೀವದ ಬಿಸಿ ಬೇಕು. ಇಷ್ಟು ವರ್ಷ ಮಾಡಿದವಳಿಗೆ ಅದು ಈಗ ಗೊತ್ತಾಯಿತು.

ಕೂತಿದ್ದವರು ಪಿಸುಗುಟ್ಟಿದರು. ಪಕ್ಕದ ಮನೆಯ ಸಾವಿತ್ರವ್ವ ಮೆಲ್ಲಗೆ, "ಸಾಕು ಬಿಡ ಗಿರಿಜವ್ವಾ. ಮಾರಿ ಮ್ಯಾಲೆ ಒಂದು ವಸ್ತ್ರ ಹಾಕಿ ಒಯ್ಯೂಣು. ಮರ್ಯಾದಿ ಉಳೀತೈತಿ" ಎಂದಳು.

ಗಿರಿಜವ್ವ ತಲೆ ಎತ್ತಿದಳು.

"ಯಾರ ಮರ್ಯಾದಿ ಸಾವಿತ್ರವ್ವಾ?"

ಪಾತ್ರೆಯನ್ನು ಎತ್ತಿ ಹೆಂಗಸರ ನಡುವೆ ನೆಲಕ್ಕೆ ಕುಕ್ಕಿದಳು. ಪಾಕ ಅಂಚಿಗೆ ಚಿಮ್ಮಿತು.

"ಇದು ಯಾರ ಮಾರಿಗೆ ಬಿದ್ದಿಲ್ಲ, ಹೇಳ್ರಿ. ನಿಮ್ಮ ಮದುವಿ ಹಿಂದಿನ ದಿನ ಹಿತ್ತಲ ಬಾಗಲಾಗ ಬಂದು ಅತ್ತಿದ್ದಿಲ್ಲೇನು ನೀವು? ನಿಮ್ಮ ಮಗಳ ಕಾಲು ಯಾರು ಮಾಡಿದ್ರು? ಇಲ್ಲಿ ಕುಂತಾರಲ್ಲ ಇಷ್ಟು ಮಂದಿ, ನಮ್ಮವ್ವನ ಮೊಣಕಾಲ ಮ್ಯಾಲೆ ತಲಿ ಇಡದಾಕಿ ಯಾಕಿ ಇದ್ದಾಳ? ನಿಮ್ಮ ಗುಟ್ಟೆಲ್ಲ ಹೊಟ್ಟ್ಯಾಗ ಇಟಗೊಂಡು ಬಿದ್ದಿದ್ದಳು. ಯುಗಾದಿ ಆದಾಗಿಂದ ಹಾಸಿಗ್ಯಾಗ ಗದ್ದ ತೋರಿಸಿ ತೋರಿಸಿ ಅತ್ತಳು. ನೀವೆಲ್ಲ ಬಂದು ನೋಡಿ ಹೋದ್ರಿ. ಒಬ್ಬಾಕಿಗೆ ತಿಳೀಲಿಲ್ಲ? ಒಬ್ಬಾಕಿಗೂ?"

ಗೋಡೆಗೆ ಒರಗಿದ್ದ ಒಬ್ಬಳು ಎದ್ದು ಹೊರಗೆ ಹೋದಳು. ಸಾವಿತ್ರವ್ವ ನೆಲ ನೋಡುತ್ತ ಕೂತವಳು ಕೊನೆಗೆ ಎದ್ದು ಹಿತ್ತಿಲಿಗೆ ಹೋಗಿ, ಹಂಡೆಯ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ತಂದು ಗದ್ದದ ಮೇಲಿನ ಪಾಕಕ್ಕೆ ಒತ್ತಿ ಹಿಡಿದಳು. ಬೆಲ್ಲ ಕರಗಿ ಇಳಿಯಿತು. ಗಿರಿಜವ್ವ ತಡೆಯಲೂ ಇಲ್ಲ, ಅವಳ ಕಡೆ ನೋಡಲೂ ಇಲ್ಲ.

ಮೈ ತೊಳೆದು, ಹಸಿರು ಸೀರೆ ಉಡಿಸಿ, ಕೂರಿಸಿ ಕಟ್ಟಿದರು. ಪಾರ್ವತವ್ವ ಬಿಳಿ ವಸ್ತ್ರ ಹಿಡಿದು ಬಂದಾಗ ಗಿರಿಜವ್ವ ಅದನ್ನು ಕಿತ್ತುಕೊಂಡು ಹಿತ್ತಿಲಿಗೆ ಎಸೆದಳು.

"ಮುಚ್ಚೂದಿಲ್ಲ."

"ಊರು ನಗತೈತಿ ಹುಚ್ಚಿ!"

"ನಗಲಿ. ಅವ್ವ ಇದ್ದಾಗ ಮುಚ್ಚಿಕೊಂಡಳು. ನಿಮ್ಮ ಕೈಲೆ ಮುಚ್ಚಿಸಿಕೊಳ್ಳೂದು ಬ್ಯಾಡ."

ಭಜನೆಯವರು ತಾಳ ಹಾಕಿದರು. ವಿಮಾನ ಎದ್ದಿತು. ಬಾಳೆಕಂಬ, ಚೆಂಡುಹೂವಿನ ನಡುವೆ ಮುರಿಗೆವ್ವ ಕೂತು ಪೇಟೆಯ ನಡುವೆ ಹೋದಳು, ಹಣೆತುಂಬ ವಿಭೂತಿ, ಗದ್ದತುಂಬ ಕೂದಲು. ಅಂಗಡಿಯವರು ಕೈಮುಗಿಯಲು ಎದ್ದವರು ಮುಗಿದ ಕೈ ಇಳಿಸುವುದನ್ನು ಮರೆತರು. ಯಾರೋ ನಕ್ಕ ಸದ್ದೂ ಕೇಳಿತು. ಗಿರಿಜವ್ವ ಆ ಕಡೆ ತಿರುಗಿ ನಿಂತು ನೋಡಿದಳು; ಸದ್ದು ಅಲ್ಲಿಗೇ ನಿಂತಿತು. ಹೆಂಗಸರು ಊರ ಅಗಸೆಬಾಗಿಲವರೆಗೆ ಬಂದು ನಿಲ್ಲುವುದು ವಾಡಿಕೆ. ಅವಳು ನಿಲ್ಲಲಿಲ್ಲ. ನಿಲ್ಲು ಎನ್ನಲು ಯಾರಿಗೂ ಧೈರ್ಯವಾಗಲಿಲ್ಲ.

ವರದಾ ನದಿಯ ದಂಡೆಯ ಮೇಲಿನ ಹೊಲದಲ್ಲಿ ಗುಣಿ ತೆಗೆದಿದ್ದರು. ಮುರಿಗೆವ್ವನನ್ನು ಇಳಿಸಿ ಗುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿ, ಎಡ ಅಂಗೈಗೆ ಲಿಂಗ ಇಟ್ಟರು. ಅಯ್ಯನವರು ಮೇಲೆ ನೋಡಿ, "ಪರಮೇಶ್ವರಪ್ಪಾ, ಇಳೀರಿ. ಕಡೀ ವಿಭೂತಿ ನಿಮ್ಮ ಕೈಲೆ ಹಚ್ಚ್ರಿ" ಎಂದರು.

ಅವನು ಇಳಿದ. ವಿಭೂತಿಯಲ್ಲಿ ಬೆರಳು ಅದ್ದಿದ. ಮುಖವನ್ನು ಗುಣಿಯ ಗೋಡೆಯ ಕಡೆ ತಿರುಗಿಸಿಕೊಂಡೇ ಕೈ ಚಾಚಿದ. ಬೆರಳು ಹಣೆಯನ್ನು ಮುಟ್ಟದೆ ಕಿವಿಯ ಹತ್ತಿರ ಜಾರಿತು.

"ಮಾರಿ ನೋಡಿ ಹಚ್ಚ್ರಿ ಅಪ್ಪಾ," ಮೇಲಿನಿಂದ ಗಿರಿಜವ್ವ ಹೇಳಿದಳು.

ಅವನು ಅಲುಗಲಿಲ್ಲ.

"ಅಷ್ಟು ವರ್ಷ ನಿಮ್ಮ ತಾಟು ತೊಳದಾಳ. ಒಮ್ಮೆ ನೋಡ್ರಿ. ನೋಡೂತನಕ ನಾ ಮಣ್ಣು ಹಾಕ್ಸೂದಿಲ್ಲ."

ಸಲಿಕೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರಮೇಶ್ವರಪ್ಪ ನಿಧಾನಕ್ಕೆ ಕತ್ತು ತಿರುಗಿಸಿದ. ತೀರ ಹತ್ತಿರದಿಂದ, ಹಗಲಿನ ಬೆಳಕಿನಲ್ಲಿ ಹೆಂಡತಿಯನ್ನು ನೋಡಿದ. ವಿಭೂತಿಯ ಕೈ ಹಣೆಗೆ ಹೋಗಿ, ಕೆಳಗಿಳಿದು, ಗದ್ದದ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅವನು ಯಾರ ಆಸರೆಯನ್ನೂ ಹಿಡಿಯದೆ ಮೇಲೆ ಹತ್ತಿ ಬಂದ.

ಮಣ್ಣು ಮುಚ್ಚಿದ ಮೇಲೆ ಗಂಡಸರೆಲ್ಲ ಹೊಳೆಗಿಳಿದರು. ಗಿರಿಜವ್ವ ದಂಡೆಯ ಕಲ್ಲಿನ ಮೇಲೆ ಕೂತಳು. ಅಪ್ಪ ಮೊಣಕಾಲ ನೀರಿನಲ್ಲಿ ಬಾಗಿ, ಗದ್ದ ಮುಟ್ಟಿದ ಆ ಕೈಯನ್ನು ಮರಳು ಹಾಕಿ ತಿಕ್ಕುತ್ತಿದ್ದ. ವಿಭೂತಿ ಯಾವಾಗಲೋ ಹೋಗಿತ್ತು. ಅವನು ತಿಕ್ಕುತ್ತಲೇ ಇದ್ದ. ಹೆಂಡತಿಯ ಕಾಯಿಲೆ ತೀರ ಜೋರಾದಾಗಿನಿಂದ ಅವನು ಮುಖಕ್ಷೌರ ಮಾಡಿಸಿಕೊಂಡಿರಲಿಲ್ಲ. ಬಗ್ಗಿ ಎದ್ದಾಗ ಗದ್ದದ ಬಿಳಿ ಕೂದಲಿನ ತುದಿತುದಿಯಲ್ಲಿ ನೀರಿನ ಹನಿ ನಿಂತಿದ್ದವು. ಊರವರು ಒಬ್ಬೊಬ್ಬರಾಗಿ ನೀರಿನಲ್ಲೇ ನಡೆದು ಹತ್ತಿರ ಬಂದು, ಅವನ ಮುಖವನ್ನೇ ನೇರವಾಗಿ ನೋಡುತ್ತ, ಸಮಾಧಾನ ಹೇಳಿ ಮುಂದೆ ಹೋಗುತ್ತಿದ್ದರು.